ದರ್ಜಿ ಅಂಗಡಿಯ ಮುಂದಿನ ಎಳೆ

ಇಲ್ಲ ಪುಟ್ಟಿ, ನೀನು ಎಷ್ಟು ತಲೆ ಅಲ್ಲಾಡಿಸಿದರೂ ನಾನು ಆಡಿದ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ನಿಮ್ಮಜ್ಜಿ ಹೆದರುಪುಕ್ಕಲಿ. ಮೊದಲೂ ಹಾಗೇ, ಈಗಲೂ ಹಾಗೇ.

"ಯಾರು, ನಮ್ಮಜ್ಜೀನಾ? ಬಸ್ಸು ನಿಲ್ಲಿಸ್ದೆ ಹೋದ ಡ್ರೈವರ್‌ನ ಅಡ್ಡದಾರೀಲಿ ಓಡಿಹೋಗಿ ಮುಂದಿನ ಸ್ಟಾಪಲ್ಲಿ ಹಿಡ್ಕೊಂಡು ಬೈದೋಳಾ? ಸುಳ್ಳು ಬಿಡ್ಬೇಡ ತಾತ."

ಅವಳೇ. ನಾನು ಸುಳ್ಳೇ ಹೇಳುವುದಿಲ್ಲ ಎಂದು ನಿನಗೆ ಎಂದಾದರೂ ಹೇಳಿದ್ದೇನೆಯೇ? ಹೇಳಿದ್ದರೆ ಅದೇ ನನ್ನ ಜೀವಮಾನದ ದೊಡ್ಡ ಸುಳ್ಳಾಗುತ್ತಿತ್ತು. ಆದರೆ ಇದರಲ್ಲಿ ಸುಳ್ಳು ಕಮ್ಮಿ. ಅಲ್ಲೊಂದು ಇಲ್ಲೊಂದು ಇದ್ದರೆ ಒಳಗಿನಿಂದ ಅವಳೇ ಕೂಗಿ ತಿದ್ದುತ್ತಾಳೆ, ನೀನು ಯೋಚನೆ ಮಾಡಬೇಡ.

ಇದನ್ನು ಈಗ ಯಾಕೆ ತೆಗೆದೆ ಎಂದರೆ, ಒಂದು ತಿಂಗಳಿಂದ ನಿನ್ನನ್ನು ನೋಡುತ್ತಿದ್ದೇನೆ. ಕಿಟಕಿಯ ಗಾಜು ಕಂಡರೆ ನಿಲ್ಲುತ್ತೀಯ. ಬೀದಿಯಲ್ಲಿ ಯಾರು ನಕ್ಕರೂ ನಿನ್ನನ್ನು ನೋಡಿಯೇ ನಕ್ಕರು ಎಂದು ಮುಖ ಇಳಿಬಿಡುತ್ತೀಯ. ನಿನ್ನೆ ಅಂಗಡಿಗೆ ಹೋಗಿ ಬಾ ಎಂದರೆ, "ಅಲ್ಲಿ ಎಲ್ರೂ ಕೂತಿರ್ತಾರೆ, ನಾನು ಹೋಗಲ್ಲ" ಅಂದೆ. ನಿಮ್ಮಮ್ಮ ಸೋಮಾರಿ ಎಂದು ಬೈದಳು. ಒಳಗೆ ನಿಮ್ಮಜ್ಜಿ ಮಾತ್ರ ತಾನೇ ಚೀಲ ಹಿಡಿದು ಹೊರಟಳು, ನೋಡಿದೆಯಾ? ಅವಳಿಗೆ ಗೊತ್ತು. ನಾನು ಹೇಳುವ ಕಥೆ ನಡೆದಾಗ ಅವಳಿಗೂ ನಿನ್ನ ಹಾಗೇ ಹದಿನಾಲ್ಕು.

ಅವರ ಮನೆಯವರು ಹಗ್ಗ ಹೊಸೆಯುವವರು. ಅವಳಪ್ಪನ ಹಗ್ಗ ಎಂದರೆ ಏಳೂರಿನಲ್ಲೂ ಹೆಸರು. ಒಂದು ಸಲ ಆ ಹಗ್ಗದಲ್ಲಿ ಕಟ್ಟಿದ್ದ ಎತ್ತು ಬೆದರಿ ಎಳೆದದ್ದಕ್ಕೆ ಹಗ್ಗ ಕಿತ್ತುಬರಲಿಲ್ಲ, ಗೂಟ ಕಿತ್ತುಬರಲಿಲ್ಲ, ಗೂಟ ನೆಟ್ಟಿದ್ದ ಹೊಲವೇ ಅರ್ಧ ಎಕರೆ ಮಡಚಿಕೊಂಡು ಬಂತು. ಪಕ್ಕದ ಹೊಲದವನು ಮೂರು ದಿನ ಜಗಳ ಆಡಿದ. ಆಯಿತು, ಇದು ಸುಳ್ಳು. ಮುಂದಿನದು ನಿಜ.

ಅವರ ಕೆಲಸಕ್ಕೆ ಮನೆಯೊಳಗೆ ಜಾಗ ಸಾಲುವುದಿಲ್ಲ, ಬೀದಿಯೇ ಬೇಕು. ಬೀದಿಯ ಈ ತುದಿಯಲ್ಲಿ, ಅವರ ಮನೆಯ ಮುಂದೆ, ಒಂದು ದೊಡ್ಡ ಮರದ ಚಕ್ರ. ಅದಕ್ಕೊಂದು ಕೊಕ್ಕೆ. ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಒಂದು ಚಿಟಿಕೆ ನಾರನ್ನು ಎಳೆದು ಕೊಕ್ಕೆಗೆ ಸಿಕ್ಕಿಸಬೇಕು. ಒಬ್ಬರು ಚಕ್ರ ತಿರುಗಿಸಿದರೆ ಇನ್ನೊಬ್ಬರು ಬೆರಳುಗಳ ನಡುವಿನಿಂದ ನಾರು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಕಣ್ಣು ಎಳೆಯ ಮೇಲೆ, ಬೆನ್ನು ದಾರಿಯ ಕಡೆ. ನೂರಿಪ್ಪತ್ತು ಹೆಜ್ಜೆ. ಹೆಜ್ಜೆಗೆ ಸರಿಯಾಗಿ ಒಂದಡಿ ಹಗ್ಗ. ಅಂಥ ಮೂರು ಎಳೆ ಸೇರಿಸಿ ಹುರಿ ಮಾಡಿದರೆ ಹಗ್ಗ ಆಯಿತು.

ಅವಳಮ್ಮ ಚಕ್ರ ತಿರುಗಿಸುತ್ತಿದ್ದರು, ಅವಳು ಹಿಂದಕ್ಕೆ ನಡೆಯುತ್ತಿದ್ದಳು. ಎಂಟು ವರ್ಷದಿಂದ ನಡೆದವಳು. ತಿರುಗಿ ನೋಡದೆಯೇ ಎಲ್ಲಿದ್ದೇನೆ ಎಂದು ಹೇಳುತ್ತಿದ್ದಳು. ಹನ್ನೆರಡನೆಯ ಹೆಜ್ಜೆಗೆ ಹಿಟ್ಟಿನ ಗಿರಣಿಯ ಸದ್ದು, ಮೂವತ್ತಕ್ಕೆ ಕ್ಷೌರದ ಅಂಗಡಿಯ ಸೋಪಿನ ವಾಸನೆ, ನಲವತ್ತೈದಕ್ಕೆ ದರ್ಜಿಯ ಮಷಿನ್ನು, ಎಂಬತ್ತಕ್ಕೆ ಸೈಕಲ್ ಶಾಪಿನ ಪಂಕ್ಚರ್ ಸೊಲ್ಯೂಷನ್ ವಾಸನೆ. ಹೊಸೆದ ಎಳೆ ಬೀದಿಯುದ್ದಕ್ಕೂ ಹಾಗೇ ಚಾಚಿಕೊಂಡಿರುತ್ತಿತ್ತು. ಗಿರಣಿಯ ಮುಂದೆ ಹೊಸೆದದ್ದು ಗಿರಣಿಯ ಮುಂದೆಯೇ, ದರ್ಜಿಯ ಮುಂದೆ ಹೊಸೆದದ್ದು ದರ್ಜಿಯ ಮುಂದೆಯೇ. ಯಾವ ಹಗ್ಗವನ್ನು ಕೊಟ್ಟರೂ ಬೆರಳಲ್ಲಿ ಹಿಡಿದು, ಇದು ಗಿರಣಿ, ಇದು ಕ್ಷೌರದ ಅಂಗಡಿ ಎಂದು ತೋರಿಸುತ್ತಿದ್ದಳು. ಊರವರು ಅವಳಿಗೆ ಇಟ್ಟ ಅಡ್ಡಹೆಸರು 'ಹಿಂದಡಿ'. ಅದರಿಂದ ಅವಳಿಗೇನೂ ಬೇಜಾರಿರಲಿಲ್ಲ. ತಾನು ಹೇಗೆ ಕಾಣುತ್ತೇನೆ ಎಂಬ ಯೋಚನೆಯೇ ಇಲ್ಲದವಳಿಗೆ ಬೇಜಾರು ಎಲ್ಲಿಂದ ಬರಬೇಕು?

ಆ ಬೇಸಗೆಯಲ್ಲಿ ಅವಳಪ್ಪನಿಗೆ ಜ್ವರ ಬಂತು. ಊರಬಾವಿಯ ಹೂಳು ತೆಗೆಯುವುದಕ್ಕೆ ಹೊಸ ಹಗ್ಗ ಬೇಕಿತ್ತು. ಹೂಳೆತ್ತುವ ಕೆಲಸ ನಮ್ಮಪ್ಪನದು. ನಮ್ಮಪ್ಪ ಹೋಗಿ ಕೇಳಿದರೆ ಅವಳಪ್ಪ ಹೊದಿಕೆಯೊಳಗಿಂದಲೇ ಅಂದರು: "ನನ್ನ ಮಗಳು ಹೊಸೀತಾಳೆ ಬಿಡಣ್ಣ. ಅವಳ ಕೈ ನನ್ನ ಕೈಗಿಂತ ವಾಸಿ." ಆಮೇಲೆ ಅವಳನ್ನು ಹತ್ತಿರ ಕರೆದು ಹೇಳಿದರಂತೆ: "ಮಗಳೇ, ಮನುಷ್ಯರು ಇಳಿಯೋ ಹಗ್ಗ. ಮೂರೆಳೆ ಸೇರಿಸೋವಾಗ ಒಂದನ್ನ ತುದಿ ತಿರುಗಿಸಿ ಹಾಕು, ಇನ್ನೊಂದನ್ನ ಹತ್ತು ಹೆಜ್ಜೆ ಸರಿಸಿ ಹಾಕು. ಕೈ ಎಲ್ಲಾದ್ರೂ ಸೋತಿದ್ರೆ ಮೂರೂ ಎಳೇಲಿ ಅದು ಒಂದೇ ಕಡೆ ಬರಬಾರದು."

ಅವಳು ಹೂಂ ಅಂದಳು. ಬೆಳಿಗ್ಗೆಯೇ ಶುರುಮಾಡಿದಳು.

ಈಗ ನಾನು ಬರುತ್ತೇನೆ. ನನಗೆ ಹದಿನೇಳು. ದರ್ಜಿ ಅಂಗಡಿಯ ಬೆಂಚಿನ ಮೇಲೆ ನಾವು ನಾಲ್ಕು ಜನ ಪುಂಡರು ಕೂತಿದ್ದೆವು. ದರ್ಜಿ ಅದೇ ವಾರ ಪಟ್ಟಣದಿಂದ ಆಳೆತ್ತರದ ಕನ್ನಡಿ ತರಿಸಿದ್ದ. ಒಳಗೆ ಜಾಗ ಸಾಲದೆ ಅದನ್ನು ಜಗಲಿಯ ಕಂಬಕ್ಕೆ, ಬೀದಿಯ ಆ ತುದಿಗೆ ಮುಖಮಾಡಿ ಒರಗಿಸಿದ್ದ. ಇವಳು ಎಂದಿನಂತೆ ಹಿಂದಕ್ಕೆ ನಡೆದು ಬಂದಳು. ನಾನು, ದೊಡ್ಡ ಜೋಕುಗಾರ, ಅವಳಿಗೆ ಕೇಳಿಸುವ ಹಾಗೆ ಅಂದೆ:

"ಲೋ, ಈ ಊರಲ್ಲಿ ಹಿಂದಡಿಯ ಮುಖ ನೋಡಿದೋರು ಯಾರಾದ್ರೂ ಇದ್ದೀರೇನ್ರೋ? ನಾನಂತೂ ಬೆನ್ನು ಮಾತ್ರ ನೋಡಿರೋದು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ನಮ್ಮನ್ನು ದಾಟಿ ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಆಗ ಕನ್ನಡಿ ಅವಳ ಕಣ್ಣೆದುರಿಗೆ ಬಂತು.

ಅವರ ಮನೆಯಲ್ಲಿದ್ದದ್ದು ಅಂಗೈಯಗಲದ ಕನ್ನಡಿ. ಅದರಲ್ಲಿ ಒಂದು ಸಲಕ್ಕೆ ಒಂದು ಕೆನ್ನೆ ಮಾತ್ರ ಕಾಣುತ್ತಿತ್ತು. ಇದರಲ್ಲಿ ಇಡೀ ಹುಡುಗಿ. ಸೊಂಟದ ಸುತ್ತ ನಾರಿನ ಗಂಟು ಹೊಟ್ಟೆಯ ಹಾಗೆ ಉಬ್ಬಿದೆ. ಬಾಯಿ ಅರ್ಧ ತೆರೆದಿದೆ. ಕಾಲು ಅಗಲಿಸಿಕೊಂಡು ಏಡಿಯ ಹಾಗೆ ಸರಿಯುತ್ತಿದ್ದಾಳೆ. ಅವಳ ಪಕ್ಕದಲ್ಲಿ ಬೆಂಚಿನ ಮೇಲೆ ನಾಲ್ಕು ಜನ ಹಲ್ಲು ಕಿರಿಯುತ್ತಿದ್ದಾರೆ. ಯಾರಪ್ಪಾ ಈ ಕುರೂಪಿ ಎಂದುಕೊಂಡಳಂತೆ. ಆಮೇಲೆ ಗೊತ್ತಾಯಿತು. ಓಡೋಣವೆಂದರೆ ಕೈಯಲ್ಲಿ ಎಳೆ. ತಿರುಗೋಣವೆಂದರೆ ಹುರಿ ಬಿಚ್ಚಿಕೊಳ್ಳುತ್ತದೆ. ಬೀದಿಯ ಕೊನೆಯವರೆಗೂ, ಒಂದೊಂದು ಹೆಜ್ಜೆಗೂ, ಕನ್ನಡಿಯಲ್ಲಿ ಆ ಹುಡುಗಿ ಚಿಕ್ಕದಾಗುತ್ತ ಇವಳನ್ನೇ ನೋಡುತ್ತ ಹೋದಳು.

"ಮೈಯೆಲ್ಲಾ ಕಣ್ಣಾದ ಹಾಗಾಯ್ತು ಕಣ್ರೀ," ಎಂದು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದಳು. "ಆ ಕಣ್ಣೆಲ್ಲಾ ನನ್ನನ್ನೇ ನೋಡ್ತಿದ್ವು."

ಎರಡನೆಯ ಎಳೆಗೆ ಮತ್ತೆ ಬರಬೇಕಾಯಿತು. ನಲವತ್ತು ಹೆಜ್ಜೆ ದಾಟುತ್ತಿದ್ದಂತೆ ಬೆನ್ನಿನಲ್ಲಿ ತಣ್ಣಗೆ ಹರಿದಂತಾಯಿತು. ನಾವೇನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು, ಅನ್ನುತ್ತೇವೆ ಅನ್ನುತ್ತೇವೆ ಎಂದು ಅವಳು ಕಾದಳು. ಮೂರನೆಯದಕ್ಕೂ ಹಾಗೇ. ಮೂರು ಸಲವೂ ಅದೇ ಜಾಗದಲ್ಲಿ ಬೆರಳು ಬಿಗಿದುಕೊಂಡಿತು, ನಾರು ಸರಿಯಾಗಿ ಹರಿಯಲಿಲ್ಲ. ಮೂರು ಎಳೆಯೂ ದರ್ಜಿ ಅಂಗಡಿಯ ಮುಂದೆ ಸಣ್ಣಗಾದವು.

ಅವಳಿಗೆ ಗೊತ್ತಾಗಲಿಲ್ಲ ಎಂದುಕೊಳ್ಳಬೇಡ. ಬೆರಳಿಗೆ ಆ ಕ್ಷಣವೇ ಗೊತ್ತಾಗುತ್ತದೆ. ಕಿತ್ತು ಮತ್ತೆ ಹೊಸೆಯಬೇಕಿತ್ತು. ಹೋಗಲಿ, ಅಪ್ಪ ಹೇಳಿದಂತೆ ತುದಿ ತಿರುಗಿಸಿಯಾದರೂ ಹಾಕಬೇಕಿತ್ತು. ಆದರೆ ತುದಿ ತಿರುಗಿಸಬೇಕೆಂದರೆ ಎಳೆಯ ಕೊನೆ ಹಿಡಿದುಕೊಂಡು, ಮುಖ ಎತ್ತಿಕೊಂಡು, ಬೆಂಚಿನ ಮುಂದೆ ಬೀದಿ ಉದ್ದಕ್ಕೂ ನಡೆದು ಹೋಗಬೇಕು. ಆಗಲಿಲ್ಲ ಅವಳ ಕೈಲಿ. ಹೇಗಿದ್ದವೋ ಹಾಗೇ ಮೂರನ್ನೂ ಸೇರಿಸಿಬಿಟ್ಟಳು. ಸಣ್ಣಗಿದ್ದ ಕಡೆ ಅಂಗೈ ಒದ್ದೆಮಾಡಿ, ಉದುರಿದ ನಾರಿನ ಜುಂಗು ಅಂಟಿಸಿ, ಉಜ್ಜಿ ಉಜ್ಜಿ ದಪ್ಪ ಮಾಡಿದಳು. ನೋಡಿದವರಿಗೆ ಒಂದೇ ಸಮ.

"ಮುಗೀತೇನೇ?" ಎಂದು ಅಮ್ಮ ಕೇಳಿದರು.

"ಮುಗೀತು."

"ಅಪ್ಪನಿಗೆ ತೋರಿಸ್ಬೇಕಾ?"

"ಮಲಗಿದ್ದಾರೆ, ಬಿಡು."

ಅಲ್ಲಿಂದ ನಾಲ್ಕು ದಿನ ಅವಳು ಮನುಷ್ಯಳಾಗಿರಲಿಲ್ಲ. ಬಕೆಟ್ಟಿನ ನೀರಿನಲ್ಲಿ ಮುಖ ಕಂಡರೆ ಕೈ ಅದ್ದಿ ಕಲಕುತ್ತಿದ್ದಳಂತೆ. ಕರು ನೋಡಿದರೆ ಕರುವಿಗೂ ಬೆನ್ನು ತಿರುಗಿಸುತ್ತಿದ್ದಳು, ಆಮೇಲೆ ಬೆನ್ನನ್ನು ನೋಡುತ್ತದೆ ಎಂದು ಮತ್ತೆ ಇತ್ತ ತಿರುಗುತ್ತಿದ್ದಳು. ಆ ಸೆಕೆಯಲ್ಲಿ ಮೈತುಂಬ ಹೊದ್ದುಕೊಂಡು ಓಡಾಡಿದಳು. ಒಂದು ದಿನ ಅಮ್ಮನನ್ನು ಕೇಳಿದಳು:

"ಅಮ್ಮಾ, ನಾನು ಹೇಗೆ ನಡೀತೀನಿ?"

"ಕಾಲಲ್ಲಿ."

"ಅದಲ್ಲಮ್ಮಾ. ನೋಡೋಕೆ ಹೇಗಿರುತ್ತೆ?"

"ನೋಡ್ತಾ ಕೂರೋಕೆ ನಂಗೇನು ಬೇರೆ ಕೆಲಸ ಇಲ್ವಾ? ಚಕ್ರಕ್ಕೆ ಎಣ್ಣೆ ಹಾಕು ಹೋಗು."

ಆ ಕಣ್ಣುಗಳ ಭಯ ಒಂದು. ಅದರ ಕೆಳಗೆ ಇನ್ನೊಂದು. ಮೂಲೆಯಲ್ಲಿ ಸುರುಳಿ ಸುತ್ತಿಟ್ಟ ಹಗ್ಗ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ಹೇಳಿದರೆ ಕಾರಣ ಹೇಳಬೇಕು. ಕನ್ನಡಿ ನೋಡಿ ಕೈ ನಡುಗಿತು ಎಂದರೆ ಅಪ್ಪ ಏನೆಂದಾರು? ಊರು ಎಷ್ಟು ನಕ್ಕೀತು? ಯಾರಾದರೂ ತಾವಾಗಿಯೇ ಕಂಡುಹಿಡಿಯಲಿ ಎಂದು ಕಾದಳು. ಅವಳ ಕೈಯ ಮೇಲೆ ಎಲ್ಲರಿಗೂ ನಂಬಿಕೆ, ಯಾರೂ ನೋಡಲಿಲ್ಲ.

ಐದನೆಯ ದಿನ ಬೆಳಿಗ್ಗೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಬಾವಿಗೆ ತಂದವಳೂ ಅವಳೇ. ಗಿರಣಿಯ ಮುಂದೆ ಹೇಳಿಬಿಡೋಣ ಅಂದುಕೊಂಡಳಂತೆ, ಕ್ಷೌರದ ಅಂಗಡಿಯ ಮುಂದೆ ಅಂದುಕೊಂಡಳಂತೆ. ಬಾವಿ ಬಂದೇ ಬಿಟ್ಟಿತು.

ಊರಿಗೆ ಊರೇ ಸೇರಿತ್ತು. ಬಾವಿ ಎಷ್ಟು ಆಳ ಗೊತ್ತಾ? ಇನ್ನೂರಡಿ! ಕಲ್ಲು ಹಾಕಿದರೆ ಅದು ತಳ ಮುಟ್ಟುವ ಹೊತ್ತಿಗೆ ನೀನು ಮನೆಗೆ ಹೋಗಿ, ಮಲಗಿ, ಎದ್ದು...

"ಎಂಬತ್ತು ಅಡಿ!"

ಕೇಳಿಸಿತಾ? ಒಳಗಿನಿಂದ ಬಂತು. ಸರಿ, ಎಂಬತ್ತು. ತಳದಲ್ಲಿ ಮೊಣಕಾಲುದ್ದ ನೀರು, ನೀರಿನ ಕೆಳಗೆ ಬಂಡೆ. ಮೇಲೆ ಎರಡು ಕಂಬದ ನಡುವೆ ತೊಲೆ, ತೊಲೆಗೆ ಕಬ್ಬಿಣದ ರಾಟೆ. ಹಗ್ಗದ ಚಕ್ರದ ಕಡೆಯ ತುದಿಗೆ ಒಂದು ಹಲಗೆ ಕಟ್ಟಿ, ಅದರ ಮೇಲೆ ಕೂತು ಇಳಿಯುವುದು. ಆ ಸಲ ಇಳಿಯುವ ಸರದಿ ನನ್ನದು. ಹಗ್ಗ ಹಿಡಿದವರಲ್ಲಿ ಮುಂದಿನವನು ಕಮ್ಮಾರ, ಅವನ ಹಿಂದೆ ಮೂವರು. ನಾನು ಹಲಗೆಯ ಮೇಲೆ ಕೂತು, ಸುಮ್ಮನೆ ಇಳಿಯಬಾರದೇ, ಇವಳ ಕಡೆ ತಿರುಗಿ ಅಂದೆ:

"ಹಿಂದಡೀ, ನಿನ್ನ ಹಗ್ಗ ಮುಂದಕ್ಕೆ ಹೋಗುತ್ತೋ, ಇದೂ ಹಿಂದಕ್ಕೇನೋ?"

ಮತ್ತೆ ನಗು. ಅವಳ ಬಾಯಿಯವರೆಗೆ ಬಂದಿದ್ದ ಮಾತು ಆ ನಗುವಿಗೆ ಹೆದರಿ ಒಳಗೆ ಹೋಯಿತು. ನಾನು ಇಳಿದೆ.

ಅವಳು ರಾಟೆಯನ್ನೇ ನೋಡುತ್ತ ನಿಂತಳು. ಗಿರಣಿ ರಾಟೆ ದಾಟಿ ಬಾವಿಗೆ ಇಳಿಯಿತು. ಇಪ್ಪತ್ತು. ಇಪ್ಪತ್ತೈದು. ಕ್ಷೌರದ ಅಂಗಡಿ ಇಳಿಯಿತು. ಬಾಯಿ ತೆರೆದಳು, ಗಾಳಿ ಬಂತು, ದನಿ ಬರಲಿಲ್ಲ. ಮೂವತ್ತೈದು. ನಲವತ್ತು. ಒಳಗಿನಿಂದ ನನ್ನ ಹಾಡು ಕೇಳಿಸುತ್ತಿತ್ತಂತೆ. ಬಾವಿಯಲ್ಲಿ ನನ್ನ ದನಿ ಚೆನ್ನಾಗಿ ಕೇಳಿಸುತ್ತದೆ ಎಂದು ನನಗೊಂದು ಜಂಬ. ನಲವತ್ತೆರಡು. ನಲವತ್ಮೂರು.

"ನಿಲ್ಸೀ!"

ಆ ದನಿಗೆ ನಾಲ್ಕೂ ಜನ ಕಟ್ಟಿಹಾಕಿದ ಹಾಗೆ ನಿಂತರು.

"ಏನಮ್ಮಾ, ಬಿಸಿಲಿಗೆ ಕಣ್ಣು ಕತ್ತಲೆ ಬಂತಾ?" ಎಂದು ಕಮ್ಮಾರ ಕೇಳಿದ.

"ದರ್ಜಿ ಅಂಗಡಿ ಮುಂದೆ ಎಳೆ ಸಣ್ಣಗಿದೆ. ಮೂರೂ. ನಾನೇ ಮೆತ್ತಿ ಮುಚ್ಚಿದ್ದೀನಿ. ಇಳಿಸ್ಬೇಡಿ."

"ಹಗ್ಗದಲ್ಲಿ ದರ್ಜಿ ಅಂಗಡಿ ಎಲ್ಲಿಂದ ಬಂತು?" ಎಂದು ಯಾರೋ ನಗತೊಡಗಿದರು. ನಗು ಅರ್ಧಕ್ಕೆ ಬಂದಿರಬೇಕು. ರಾಟೆಯ ಮೇಲೆ ಟಪ್ ಎಂದಿತು. ಒಂದು ಎಳೆ ಕಿತ್ತು, ಜುಂಗು ಗಾಳಿಯಲ್ಲಿ ಹಾರಿತು.

ಪುಟ್ಟಿ, ಕೆಳಗೆ ನನಗೆ ಏನಾಯಿತು ಗೊತ್ತಾ? ಹಲಗೆ ಒಂದು ಗೇಣು ಕುಸಿಯಿತು. ಅಷ್ಟೇ. ಹಾಡು ನಿಂತುಹೋಯಿತು. ಸುತ್ತ ಒದ್ದೆ ಕಲ್ಲು, ಕಾಲ ಕೆಳಗೆ ಕಪ್ಪು, ಮೇಲೆ ತಟ್ಟೆಯಷ್ಟು ಆಕಾಶ. ಅಪ್ಪನ ದನಿ ಕೇಳಿಸಿತು: "ಮಗಾ, ಅಲ್ಲಾಡ್ಬೇಡ. ಉಸಿರು ಕೂಡ ಮೆಲ್ಲಗೆ ಬಿಡು." ನಮ್ಮಪ್ಪನ ದನಿ ನಡುಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. ಯಾಕೋ ಆಗ ನನಗೆ ಬೆಂಚಿನ ಮೇಲೆ ಕೂತು ನಕ್ಕಿದ್ದ ನನ್ನ ಹಲ್ಲು ನೆನಪಾಯಿತು. ಯಾಕೆ ಎಂದು ಆಗ ಗೊತ್ತಿರಲಿಲ್ಲ.

ಮೇಲಕ್ಕೆ ಎಳೆಯೋಣ ಎಂದ ಕಮ್ಮಾರ. ಎಳೆದರೆ ಸೋತ ಜಾಗ ರಾಟೆಗೆ ಉಜ್ಜಿ ಮಿಕ್ಕ ಎರಡೂ ಕಿತ್ತುಹೋಗುತ್ತವೆ ಎಂದಳು ಇವಳು. ಹೇಳುತ್ತಿದ್ದಂತೆಯೇ ಹೊದಿಕೆ ಬಿಸಾಡಿದಳು. ಕಮ್ಮಾರನವರು ಬಿಗಿಯಾಗಿ ಹಿಡಿದಿದ್ದ ಹಗ್ಗದ ಹಿಂದೆ ಮಿಕ್ಕಿದ್ದ ತುದಿ ಎಳೆದುಕೊಂಡು ಬಾವಿಯ ಕಟ್ಟೆ ಹತ್ತಿದಳು. ರಾಟೆಯಿಂದ ಕೆಳಗೆ, ಸೋತ ಜಾಗ ದಾಟಿ, ಕ್ಷೌರದ ಅಂಗಡಿಯ ಮುಂದಿನ ಗಟ್ಟಿ ಹಗ್ಗಕ್ಕೆ ಅದನ್ನು ಕಟ್ಟಬೇಕು. ಅದು ಇರುವುದು ಬಾವಿಯ ಬಾಯಿಯ ನಡುಮಧ್ಯೆ, ಬರಿಗಾಳಿಯಲ್ಲಿ. ಅವಳಮ್ಮ ಕಾಲು ಹಿಡಿದುಕೊಂಡರು, ನಮ್ಮಪ್ಪ ಸೊಂಟ ಹಿಡಿದರು. ಅವಳು ಅರ್ಧ ಮೈ ಬಾವಿಯೊಳಕ್ಕೆ ಬಾಗಿದಳು. ಊರೆಲ್ಲ ಅವಳ ಬೆನ್ನನ್ನೇ ನೋಡುತ್ತಿತ್ತು. ಅವಳಿಗೆ ಬೆನ್ನು ಒಂದಿದೆ ಎಂಬುದೇ ಮರೆತುಹೋಗಿತ್ತಂತೆ.

ಮೊದಲ ಸುತ್ತು ಜಾರಿತು. ಟಪ್ ಎಂದು ಎರಡನೆಯ ಎಳೆ ಹೋಯಿತು. ನಾನು ಮತ್ತೆ ಒಂದು ಗೇಣು ಕೆಳಗೆ. ಕಣ್ಣು ಮುಚ್ಚಿಕೊಳ್ಳೋಣ ಎಂದರೆ ರೆಪ್ಪೆ ಕೇಳಲಿಲ್ಲ. ತಟ್ಟೆಯಷ್ಟು ಆಕಾಶದ ನಡುವೆ ಒಂದು ಮುಖ ಬಂತು. ಕೂದಲೆಲ್ಲ ಕೆಳಗೆ ಇಳಿಬಿದ್ದಿದೆ, ಬಾಯಿ ಅರ್ಧ ತೆರೆದಿದೆ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿದೆ. ಒಂದು ಹನಿ ನನ್ನ ಹಣೆಗೆ ಬಿತ್ತು. ಎರಡು ಸುತ್ತು, ಒಂದು ಕುಣಿಕೆ, ಹಲ್ಲಲ್ಲಿ ಕಚ್ಚಿ ಎಳೆದು ಬಿಗಿ. ಮೂರನೆಯ ಎಳೆ ಕಿತ್ತಾಗ ನಾನು ಹೋದೆ ಎಂದೇ ಅಂದುಕೊಂಡೆ. ಹೋಗಲಿಲ್ಲ. ಗಂಟು ಕಚ್ಚಿಕೊಂಡಿತ್ತು.

ಕಟ್ಟೆಯ ಅಂಚಿಗೆ ಗೋಣಿಚೀಲ ಹಾಸಿ, ಅದರ ಮೇಲಿಂದ ನನ್ನನ್ನು ಎಳೆದುಕೊಂಡರು. ಮೇಲೆ ಬಂದವನು ಮಣ್ಣಿನಲ್ಲಿ ಕೂತೆ. ಅವಳೂ ಅಲ್ಲೇ ಕೂತಿದ್ದಳು. ನಮ್ಮಪ್ಪ ಅವಳ ಮುಂದೆ ನಿಂತು, "ಐದು ದಿನದಿಂದ ಗೊತ್ತಿತ್ತಾ ನಿನಗೆ?" ಎಂದು ಗುಡುಗಿದರು.

"ಗೊತ್ತಿತ್ತು ಮಾವ."

"ಯಾಕೆ ಹೇಳ್ಲಿಲ್ಲ?"

ಅವಳು ಸುತ್ತ ನೋಡಿದಳು. ಗಿರಣಿಯವನು, ಕ್ಷೌರದವನು, ದರ್ಜಿ, ಬೆಂಚಿನ ಮೂವರು, ನಾನು. "ಕನ್ನಡಿ ನೋಡಿ ಕೈ ಸೋತಿತು ಅಂದ್ರೆ ನಕ್ಕರೆ ಅಂತ ಹೆದರ್ಕೊಂಡೆ," ಎಂದಳು.

ಒಬ್ಬರೂ ನಗಲಿಲ್ಲ. ದರ್ಜಿ ಹೋಗಿ ಆ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟ. ಅವಳೇ ಮಾರನೆಯ ದಿನ ಹೋಗಿ, "ಹಾಗಿಡ್ಬೇಡಿ, ಕನ್ನಡಿ ಏನು ಮಾಡಿತ್ತು?" ಎಂದು ಮತ್ತೆ ಬೀದಿಗೆ ತಿರುಗಿಸಿದಳು. ಅವಳಪ್ಪ ಜ್ವರದಲ್ಲೇ ಎದ್ದುಬಂದು, ಆ ಸೋತ ತುಂಡನ್ನು ಕತ್ತರಿಸಿ ಅವಳ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು ಎಂದು ಇವತ್ತಿಗೂ ಅನ್ನುತ್ತಾಳೆ. ನಾನು ಮೂರು ದಿನ ಒಂದೂ ಜೋಕು ಹೇಳಲಿಲ್ಲ. ನಮ್ಮಮ್ಮ ಗಾಬರಿಯಾಗಿ ಹಣೆ ಮುಟ್ಟಿ ನೋಡಿದಳು.

ನಾಲ್ಕನೆಯ ದಿನ ಅವಳ ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. "ನಿನ್ನ ಮುಖ ನೋಡಿದೆ," ಅಂದೆ. ಬೇರೆ ಏನು ಹೇಳಬೇಕೋ ತಿಳಿಯಲಿಲ್ಲ.

"ಹೇಗಿತ್ತು?"

"ತಲೆಕೆಳಗಾಗಿತ್ತು."

ಅವಳು ನಕ್ಕಳು. ಆಮೇಲೆ ಚಕ್ರದ ಹಿಡಿಯನ್ನು ನನ್ನ ಕಡೆ ತಳ್ಳಿ, "ಅಮ್ಮನ ತೋಳು ನೋಯ್ತಿದೆ, ತಿರುಗಿಸು" ಎಂದಳು. ಐವತ್ತೆರಡು ವರ್ಷದಿಂದ ತಿರುಗಿಸುತ್ತಲೇ ಇದ್ದೇನೆ.

ಧೈರ್ಯ ಬಂದುಬಿಟ್ಟಿತು ಎಂದುಕೊಂಡೆಯಾ? ಅದೇ ನಾನು ಮೊದಲಿನಿಂದ ಹೇಳುತ್ತಿರುವುದು. ಬರಲಿಲ್ಲ. ದರ್ಜಿ ಅಂಗಡಿಯ ಮುಂದೆ ಹಿಂದಕ್ಕೆ ನಡೆಯುವಾಗ ಅವಳ ಬೆನ್ನು ಹಗ್ಗ ಹೊಸೆದ ಕೊನೆಯ ದಿನದವರೆಗೂ ತಣ್ಣಗಾಗುತ್ತಿತ್ತು. ಬಸ್ಸಿನವನನ್ನು ಬೈದು ಬಂದ ದಿನ ಮೂಲೆಯಲ್ಲಿ ಕೂತು ಅರ್ಧ ಗಂಟೆ ನಡುಗಿದಳು, ನೀನು ನೋಡಲಿಲ್ಲ ಅಷ್ಟೇ. ಆದರೆ ಎಲ್ಲಿ ಹೆದರಿಕೆಯಾಗುತ್ತದೋ ಅಲ್ಲಿ ಬೆರಳನ್ನು ನೋಡಿಕೊಳ್ಳುತ್ತಾಳೆ. ತಪ್ಪಿದ್ದರೆ ಊರಿಗೆಲ್ಲ ಕೇಳಿಸುವ ಹಾಗೆ ಆಗಲೇ ಹೇಳಿಬಿಡುತ್ತಾಳೆ, ನಲವತ್ಮೂರರವರೆಗೆ ಕಾಯುವುದಿಲ್ಲ. ಆ ದನಿಯನ್ನೇ ನೀನು ಧೈರ್ಯ ಅನ್ನುತ್ತಿರುವುದು.

ನಂಬಿಕೆ ಬರಲಿಲ್ಲವೇ? ಒಳಗೆ ಮೊಳೆಗೆ ನೇತುಹಾಕಿರುವ ಮೊಳದುದ್ದದ ಹಗ್ಗದ ಚೂರು ಏನು ಎಂದು ಎಷ್ಟು ಸಲ ಕೇಳಿದ್ದೀಯ? ಹೋಗು, ಮುಟ್ಟಿ ನೋಡು. ಕಿತ್ತುಹೋದ ತುದಿ ಪೆನ್ಸಿಲ್ಲಿನಷ್ಟು ಸಣ್ಣಗಿದೆ. ಅದರಲ್ಲಿ ನೇತಾಡಿದ ನಾನು ಆಗ ಆನೆಯಷ್ಟು ತೂಕ...

"ರೀ! ನಲವತ್ತೈದು ಕೆಜಿ ಇದ್ರಿ, ಒದ್ದೆಯಾಗಿದ್ದಾಗ! ಬಡಿಸಿ ಎಷ್ಟು ಹೊತ್ತಾಯ್ತು, ಬರ್ತೀರೋ ಇಲ್ವೋ?"

ಬಂದೆ ಮಾರಾಯ್ತಿ, ಬಂದೆ.

"ಪುಟ್ಟೀ, ನೀನೂ ಬಾ. ಊಟ ಆದ್ಮೇಲೆ ಅಂಗಡಿಗೆ ಹೋಗ್ಬೇಕು, ನಂಗೊಬ್ಬಳಿಗೇ ಹೋಗೋಕೆ ಭಯ."